ಬ್ರಿಟನ್ನಿನಲ್ಲಿ ಕಾರು ಇಟ್ಟುಕೊಳ್ಳುವ ನಮ್ಮ ಕಡೆಯ ಮಂದಿಗೆ

ಕಲಬುರಗಿಯಲ್ಲಿ ಗಾಡಿ ಕೆಟ್ಟರೆ ಮಿಸ್ತ್ರಿಗೆ ಫೋನ್ ಮಾಡುತ್ತೇವೆ. ಹುಮನಾಬಾದ್ ರಸ್ತೆಯಲ್ಲಾಗಲಿ, ಶಹಾಪುರದಲ್ಲಾಗಲಿ, ಬಾನೆಟ್ ಎತ್ತಿ ಸದ್ದು ಕೇಳಿಯೇ "ಬೆಲ್ಟ್ ಹೋಗ್ಯಾದ್ರಿ ಅಣ್ಣಾ" ಅನ್ನುವವನೊಬ್ಬ ಅರ್ಧ ಗಂಟೆಯಲ್ಲಿ ಸಿಗುತ್ತಾನೆ. ಬ್ರಿಟನ್ನಿನಲ್ಲಿ ಹಾಗೆ ಸಿಗುವುದಿಲ್ಲ. ಗ್ಯಾರೇಜಿಗೆ ಮೊದಲೇ ಬುಕ್ ಮಾಡಬೇಕು, ಕೂಲಿ ಗಂಟೆ ಲೆಕ್ಕದಲ್ಲಿ. ಆದರೆ ಅಲ್ಲಿ ಪ್ರತಿ ಕಾರಿನ ಜಾತಕ ಸರ್ಕಾರದ ಬಳಿ ಇರುತ್ತದೆ, ಯಾರು ಬೇಕಾದರೂ ಓದಬಹುದು. ಮಾರಿದವನಿಗೆ ಕಾನೂನಿನ ಹೊಣೆಯೂ ಇದೆ. ಇವೆರಡು ಗೊತ್ತಿಲ್ಲದೆ ಬೀದರ್, ಯಾದಗಿರಿ, ಕಲಬುರಗಿಯಿಂದ ಹೋದ ಮಕ್ಕಳು ಕಷ್ಟಪಟ್ಟು ಗಳಿಸಿದ ದುಡ್ಡನ್ನು ಕೆಟ್ಟ ಕಾರಿಗೆ ಸುರಿಯುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಅಲ್ಲಿ ಇದ್ದು ಬಂದವನಾಗಿ, ಅಲ್ಲಿರುವ ಅಕ್ಕ-ತಂಗಿಯರ ಮಕ್ಕಳಿಗೆ ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಲೈಸೆನ್ಸ್. ಅಲ್ಲಿ ನೆಲೆಸಿದ ದಿನದಿಂದ 12 ತಿಂಗಳು ನಮ್ಮ ಲೈಸೆನ್ಸ್ ನಡೆಯುತ್ತದೆ. ಕೆಲವು ದೇಶದವರಿಗೆ ನೇರ ಬದಲಾವಣೆ ಉಂಟು, ಭಾರತಕ್ಕಿಲ್ಲ. ಪ್ರೊವಿಷನಲ್ ಲೈಸೆನ್ಸ್ (ನಮ್ಮ ಎಲ್ಎಲ್ ಇದ್ದಂತೆ) ತೆಗೆದು, ಥಿಯರಿ ಪರೀಕ್ಷೆ ಮುಗಿಸಿ, ರಸ್ತೆ ಪರೀಕ್ಷೆ ಕೊಡಲೇಬೇಕು. ರಸ್ತೆ ಪರೀಕ್ಷೆಯ ದಿನಾಂಕ ಸಿಗಲು ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಆದ್ದರಿಂದ ಹೋದ ಮೊದಲ ವಾರವೇ ಅರ್ಜಿ ಹಾಕಿ. ವರ್ಷ ಮುಗಿದ ಮೇಲೂ ಹಳೆಯ ಲೈಸೆನ್ಸಿನಲ್ಲಿ ಓಡಿಸಿದರೆ ಇನ್ಶೂರೆನ್ಸೂ ನಿಲ್ಲುವುದಿಲ್ಲ. ಇನ್ಶೂರೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಲೈಸೆನ್ಸಿನ ಮೇಲೆ 6 ದಂಡದ ಪಾಯಿಂಟ್. ಹೊಸದಾಗಿ ಪಾಸಾದವರಿಗೆ ಎರಡು ವರ್ಷದೊಳಗೆ 6 ಪಾಯಿಂಟ್ ಬಿದ್ದರೆ ಲೈಸೆನ್ಸೇ ರದ್ದು.

ಈಗ ಹಳೆ ಕಾರು ಕೊಳ್ಳುವ ವಿಷಯ. ನಿಧಾನವಾಗಿ ಓದಿ, ಬಹಳಷ್ಟು ಮಂದಿ ಏಟು ತಿನ್ನುವುದು ಇಲ್ಲೇ. ನಮ್ಮಲ್ಲಿ ಖಾಸಗಿ ಕಾರು ಒಮ್ಮೆ ನೋಂದಣಿಯಾದರೆ 15 ವರ್ಷ ಯಾರೂ ಅದರ ಬ್ರೇಕು, ಸಸ್ಪೆನ್ಷನ್ ನೋಡುವುದಿಲ್ಲ, ಹೊಗೆ ತಪಾಸಣೆಯ ಚೀಟಿ ಇದ್ದರೆ ಸಾಕು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಕಾರಿಗೆ ಮೂರು ವರ್ಷ ತುಂಬುತ್ತಲೇ ಎಂಒಟಿ ಎಂಬ ಕಡ್ಡಾಯ ಸುಸ್ಥಿತಿ ತಪಾಸಣೆ ಆಗಬೇಕು, ಆಮೇಲೆ ಪ್ರತಿ ವರ್ಷ. ಕಾರಿಗೆ ಗರಿಷ್ಠ ಶುಲ್ಕ 54.85 ಪೌಂಡ್. ಪ್ರತಿ ತಪಾಸಣೆಯ ಫಲಿತಾಂಶ, ಆ ದಿನ ಮೀಟರ್ ತೋರಿಸಿದ ಮೈಲಿ, ಎರಡೂ ಸರ್ಕಾರದ ವೆಬ್‌ಸೈಟಿನಲ್ಲಿ ಉಳಿಯುತ್ತವೆ. ನಂಬರ್ ಪ್ಲೇಟಿನ ಅಕ್ಷರ ಹಾಕಿದರೆ ಪುಕ್ಕಟೆ ನೋಡಬಹುದು.

ಆ ಪುಟ ತೆರೆದಾಗ "ಪಾಸ್" ಎಂಬ ಹಸಿರು ಅಕ್ಷರ ನೋಡಿ ಮುಚ್ಚಬೇಡಿ, ಕೆಳಗೆ ಇಳಿಯಿರಿ. ಮೈಲಿ ವರ್ಷದಿಂದ ವರ್ಷಕ್ಕೆ ಏರುತ್ತ ಬಂದಿದೆಯೇ? ನಡುವೆ ಒಮ್ಮೆ ಇಳಿದಿದ್ದರೆ ಮೀಟರ್ ತಿರುಗಿಸಿರಬಹುದು, ಬರೆಯುವಾಗ ತಪ್ಪಿರಲೂಬಹುದು. ಮಾರುವವನು ಕಾಗದ ತೋರಿಸಿ ಒಪ್ಪಿಸದೆ ದುಡ್ಡು ಕೊಡಬೇಡಿ. ಆಮೇಲೆ "ಅಡ್ವೈಸರಿ" ಸಾಲುಗಳು. ಫೇಲ್ ಮಾಡುವಷ್ಟಿಲ್ಲ, ಆದರೆ ಗಮನದಲ್ಲಿಡಿ ಎಂದು ತಪಾಸಣೆ ಮಾಡಿದವನು ಬರೆದಿಟ್ಟದ್ದು. ಮುಂದಿನ ಸಸ್ಪೆನ್ಷನ್ ಬುಶ್ ಸವೆದಿದೆ ಎಂಬ ಒಂದೇ ಸಾಲು ಮೂರು ವರ್ಷ ಸತತ ಕಂಡರೆ, ಹಿಂದಿನ ಮಾಲೀಕ ರಿಪೇರಿಗೆ ದುಡ್ಡು ಬಿಚ್ಚಿಲ್ಲ ಎಂದು ಲೆಕ್ಕ. ಅಂಥವನು ಎಂಜಿನ್ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿರುತ್ತಾನೆಂದು ನಾನು ನಂಬುವುದಿಲ್ಲ. ತುಕ್ಕಿನ ಮಾತು ಬಂದಲ್ಲಿ ಇನ್ನೂ ಹುಷಾರು. ಚಳಿಗಾಲದಲ್ಲಿ ಅಲ್ಲಿನ ರಸ್ತೆಗೆ ಉಪ್ಪು ಚೆಲ್ಲುತ್ತಾರೆ, ಅದು ಕಾರಿನ ಹೊಟ್ಟೆಯನ್ನು ತಿನ್ನುತ್ತದೆ. ನಮ್ಮ ಬಿಸಿಲು ನಾಡಿನ ಕಣ್ಣಿಗೆ ಇದು ಹೊಳೆಯುವುದೇ ಇಲ್ಲ. ಮೇಲಿನ ಬಣ್ಣ ಫಳಫಳ ಇದ್ದರೆ ಕಾರು ಚೊಲೋ ಅಂದುಕೊಳ್ಳುತ್ತೇವೆ.

ಡೀಲರ್ ಹತ್ತಿರ ಕೊಂಡರೆ 2015ರ ಗ್ರಾಹಕ ಹಕ್ಕು ಕಾನೂನು ನಿಮ್ಮ ಕಡೆ ಇದೆ. ಕೊಳ್ಳುವಾಗಲೇ ದೋಷವಿತ್ತೆಂದು 30 ದಿನದೊಳಗೆ ತೋರಿಸಿದರೆ ಕಾರು ಹಿಂತಿರುಗಿಸಿ ಪೂರ್ತಿ ಹಣ ಕೇಳಬಹುದು. ಆಮೇಲೆ ಆರು ತಿಂಗಳವರೆಗೆ ಕಂಡ ದೋಷವನ್ನು ಮೊದಲೇ ಇತ್ತೆಂದು ಕಾನೂನು ಭಾವಿಸುತ್ತದೆ, ಇರಲಿಲ್ಲವೆಂದು ಸಾಬೀತು ಮಾಡುವ ಹೊಣೆ ಡೀಲರ್‌ನದು. ರಿಪೇರಿಗೆ ಅವನಿಗೆ ಒಂದು ಅವಕಾಶ, ಅಷ್ಟೇ. ಖಾಸಗಿ ವ್ಯಕ್ತಿಯಿಂದ ಕೊಂಡರೆ ಈ ರಕ್ಷಣೆ ಇಲ್ಲ. ಕಾರು ಅವನು ಹೇಳಿದಂತೆ ಇರಬೇಕು ಎಂಬುದಷ್ಟೇ ಉಳಿಯುತ್ತದೆ. ನಾಲ್ಕುನೂರು ಪೌಂಡ್ ಉಳಿಯುತ್ತದೆಂದು ಅಪರಿಚಿತನ ಮನೆ ಮುಂದೆ ನಗದು ಎಣಿಸುವುದಕ್ಕಿಂತ, ಮೊದಲ ಕಾರನ್ನು ಡೀಲರ್ ಬಳಿಯೇ ಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಏನೇ ದೂರಿದ್ದರೂ ಇಮೇಲ್‌ನಲ್ಲಿ ಬರೆದು ಹೇಳಿ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ.

ಇನ್ನೊಂದು ಮಾತು. ಕರ್ನಾಟಕದಲ್ಲಿ ಕಾರು ಕೊಳ್ಳುವಾಗಲೇ ಜೀವಾವಧಿ ತೆರಿಗೆ ಕಟ್ಟಿ ಮುಗಿಸುತ್ತೇವೆ. ಅಲ್ಲಿ ತೆರಿಗೆ ಕಾಲಕಾಲಕ್ಕೆ ಕಟ್ಟುವಂಥದ್ದು, 2014ರ ಅಕ್ಟೋಬರ್‌ನಿಂದ ಅದು ಕಾರಿನ ಜೊತೆ ಹೊಸ ಮಾಲೀಕನಿಗೆ ಬರುವುದಿಲ್ಲ. ಮಾರಿದವನು "ಟ್ಯಾಕ್ಸ್ ಇದೆ" ಅಂದರೂ ಅದು ಅವನದು. ಲಾಗ್‌ಬುಕ್‌ನ (ನಮ್ಮ ಆರ್‌ಸಿ ಇದ್ದಂತೆ) ಹಸಿರು ಚೀಟಿಯಲ್ಲಿರುವ ನಂಬರ್ ಹಾಕಿ, ಕಾರು ರಸ್ತೆಗಿಳಿಸುವ ಮೊದಲೇ ಮೊಬೈಲಿನಲ್ಲಿ ಕಟ್ಟಿ.

ಚಳಿಗಾಲದಲ್ಲಿ ಇಲ್ಲಿ ನಾವು ಮಧ್ಯಾಹ್ನ ರೊಟ್ಟಿ ಮುರಿಯುವ ಹೊತ್ತಿಗೆ ಅಲ್ಲಿ ಬೆಳಗಿನ ಏಳು-ಎಂಟು. ಫೋನ್ ಬರುವುದು ಆಗಲೇ. "ಮಾಮಾ, ಗಾಡಿ ಸ್ಟಾರ್ಟ್ ಆಗವಲ್ದು, ಕೀ ತಿರುವಿದ್ರ ಟಕಟಕ ಅಂತದ." ಹೆಡ್‌ಲೈಟ್ ಹಚ್ಚಿ ನೋಡು ಅನ್ನುತ್ತೇನೆ. ಬೆಳಕು ಮಂಕಾಗಿದ್ದು ಟಕಟಕ ಸದ್ದು ಬಂದರೆ ಬ್ಯಾಟರಿ ಇಳಿದಿದೆ. ಬೆಳಕು ಪ್ರಖರವಾಗಿದ್ದು ಒಂದೇ ಸಲ "ಟಕ್" ಅಂದು ಸುಮ್ಮನಾದರೆ ಸೆಲ್ಫ್ ಮೋಟರನ್ನು ಸಂಶಯಿಸಬೇಕು. ಎಂಜಿನ್ ತಿರುಗುತ್ತದೆ ಆದರೆ ಹತ್ತುವುದಿಲ್ಲ ಅಂದರೆ ಇಂಧನದ ಕಡೆ, ಅಥವಾ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಕಡೆ ನೋಡಬೇಕು. ಕೀ ಇಲ್ಲದೆ ಗುಂಡಿ ಒತ್ತಿ ಶುರು ಮಾಡುವ ಕಾರಾದರೆ ರಿಮೋಟಿನ ಸಣ್ಣ ಸೆಲ್ ಸತ್ತಿರಬಹುದು. ಬಹಳ ಮಾದರಿಗಳಲ್ಲಿ ರಿಮೋಟನ್ನು ಗುಂಡಿಗೇ ತಾಗಿಸಿ ಒತ್ತಿದರೆ ಹತ್ತುತ್ತದೆ. ಕೀ ತಿರುಗುವುದೇ ಇಲ್ಲವೆಂದರೆ ಸ್ಟೀರಿಂಗ್ ಲಾಕ್ ಬಿದ್ದಿರುತ್ತದೆ. ಸ್ಟೀರಿಂಗನ್ನು ಅತ್ತಿತ್ತ ಅಲುಗಿಸುತ್ತ ಕೀ ತಿರುವಿ.

ಎಂಜಿನ್ ನಿಂತ ಕಾರಿನ ಬ್ಯಾಟರಿ ತುಂಬಿದ್ದರೆ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12.4ಕ್ಕಿಂತ ಇಳಿದಿದ್ದರೆ ಮೊದಲ ಹಿಮದ ಬೆಳಿಗ್ಗೆ ಅದು ಕೈಕೊಡುವ ಸಂಭವ ಹೆಚ್ಚು. ದಿನಾ ಎರಡು ಮೈಲಿಯ ಆಸ್ಪತ್ರೆ ಡ್ಯೂಟಿಗೆ ಹೋಗಿ ಬರುವ ಕಾರಿನ ಬ್ಯಾಟರಿ ಎಂದೂ ಪೂರ್ತಿ ತುಂಬುವುದಿಲ್ಲ, ವಾರಕ್ಕೊಮ್ಮೆ ದೂರ ಓಡಿಸಿ. ಇದೇ ಕಾರಣಕ್ಕೆ ಡೀಸೆಲ್ ಕಾರು ಬೇಡ ಅನ್ನುತ್ತೇನೆ. ಊರಲ್ಲಿ ನಮಗೆ ಡೀಸೆಲ್ ಮೇಲೆ ಪ್ರೀತಿ ಜಾಸ್ತಿ, ನಿಜ. ಆದರೆ ಅಲ್ಲಿನ ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಡಿಪಿಎಫ್ ಎಂಬ ಮಸಿ ಜರಡಿ ಇರುತ್ತದೆ. ಹೆದ್ದಾರಿ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದಾಗ ಬಿಸಿಗೆ ಮಸಿ ಸುಟ್ಟುಹೋಗುತ್ತದೆ, ಊರೊಳಗೇ ಓಡಿದರೆ ಕಟ್ಟಿಕೊಳ್ಳುತ್ತದೆ. ಬದಲಿಸುವ ಖರ್ಚು ಸಾವಿರ ಪೌಂಡ್ ದಾಟಬಹುದು. ಕಿತ್ತೆಸೆದರೆ ಎಂಒಟಿ ಫೇಲ್. ಲಂಡನ್ನಿನಲ್ಲಿ ಯೂರೋ 6 ಎಂಬ ಹೊಗೆ ನಿಯಮದ ಮಟ್ಟಕ್ಕೆ ಬಾರದ ಡೀಸೆಲ್ ಕಾರಿಗೆ ದಿನಕ್ಕೆ 12.50 ಪೌಂಡ್ ಶುಲ್ಕ ಬೇರೆ.

ಹೆದರಬಾರದ ಸಂಗತಿಗಳೂ ಇವೆ. ರಾತ್ರಿ ಮಳೆ ಬಂದ ಮರುದಿನ ಬ್ರೇಕ್ ಒತ್ತಿದಾಗ ಕರಕರ ಅಂದರೆ ಡಿಸ್ಕ್ ಮೇಲಿನ ತೆಳು ತುಕ್ಕು, ನಾಲ್ಕು ಸಲ ಒತ್ತಿದರೆ ಹೋಗುತ್ತದೆ. ಚಳಿಯಲ್ಲಿ ಹೊಗೆ ಕೊಳವೆಯಿಂದ ಶುರುವಿಗೆ ಬರುವ ಬಿಳಿ ಹೊಗೆ ನೀರಾವಿ. ಟೈರ್ ದೀಪ ಹತ್ತಿದರೆ ಗಾಳಿ ನೋಡಿ. ತಾಪಮಾನ 10 ಡಿಗ್ರಿ ಇಳಿದರೆ ಪಂಚರ್ ಇಲ್ಲದೆಯೂ ಗಾಳಿಯ ಒತ್ತಡ ಸುಮಾರು ಎರಡು ಪಿಎಸ್ಐ ಇಳಿಯುತ್ತದೆ. ಗಾಜಿಗೆ ಮಂಜು ಕಟ್ಟಿದರೆ ಹೀಟರ್ ಜೊತೆ ಎಸಿಯನ್ನೂ ಹಾಕಿ, ಅದು ಗಾಳಿಯ ತೇವ ತೆಗೆಯುತ್ತದೆ. ಹೊರಗಿನ ಹಿಮಕ್ಕೆ ಬಿಸಿನೀರು ಸುರಿದರೆ ಗಾಜು ಸೀಳುತ್ತದೆ, ಸುರಿಯಬೇಡಿ.

ಹಳದಿ ಎಂಜಿನ್ ದೀಪವನ್ನು ಮಾತ್ರ ಕಡೆಗಣಿಸಬೇಡಿ, ಈಗಿನ ಕಾರುಗಳಿಗೆ ಅದೊಂದೇ ಎಂಒಟಿ ಫೇಲ್ ಮಾಡಿಸಲು ಸಾಕು. ಟೈರಿನ ಗೀರಿನ ಆಳ 1.6 ಮಿಲಿಮೀಟರ್‌ಗಿಂತ ಕಡಿಮೆಯಾದರೆ ಒಂದೊಂದು ಟೈರಿಗೂ 2,500 ಪೌಂಡ್‌ವರೆಗೆ ದಂಡ, 3 ಪಾಯಿಂಟ್. ನಮ್ಮಲ್ಲಿ ದಾರ ಕಾಣುವವರೆಗೆ ಓಡಿಸುವ ರೂಢಿ ಇದೆ, ಅದನ್ನು ವಿಮಾನ ಹತ್ತುವ ಮೊದಲೇ ಬಿಡಿ. ಹೊಸ ಕಾರುಗಳಲ್ಲಿ ಬಹಳಷ್ಟಕ್ಕೆ ಸ್ಟೆಪ್ನಿಯೇ ಇರುವುದಿಲ್ಲ, ಅಂಟು ದ್ರವದ ಡಬ್ಬಿ ಇರುತ್ತದೆ. ಕೊಳ್ಳುವಾಗ ಡಿಕ್ಕಿ ತೆಗೆದು ನೋಡಿ.

ಮೋಟರ್‌ವೇಯಲ್ಲಿ ಕೆಟ್ಟರೆ ನೀವೇ ಇಳಿದು ಬಾನೆಟ್ ಎತ್ತುವ ಮಾತೇ ಇಲ್ಲ. ಎಡಕ್ಕೆ, ಸಾಧ್ಯವಾದರೆ ತುರ್ತು ತಂಗು ಜಾಗಕ್ಕೆ ತಂದು, ಎಡಬಾಗಿಲಿನಿಂದ ಎಲ್ಲರೂ ಇಳಿದು ತಡೆಬೇಲಿಯ ಆಚೆ ನಿಲ್ಲಿ. ತ್ರಿಕೋನ ಇಡಲು ಹೋಗಬೇಡಿ, ಅಲ್ಲಿ ಅದನ್ನು ಇಡಬಾರದು. ಲೇನಿನಲ್ಲೇ ನಿಂತುಹೋಗಿ ಇಳಿಯಲಾಗದಿದ್ದರೆ ಬೆಲ್ಟ್ ಬಿಚ್ಚದೆ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿ. ಗಾಡಿ ಕೆಟ್ಟಾಗ ಬಂದು ನೋಡುವ ಬ್ರೇಕ್‌ಡೌನ್ ಸೇವೆಯ ಸದಸ್ಯತ್ವ ಕೊಳ್ಳುವಾಗ ಮನೆ ಬಾಗಿಲಿಗೂ ಬರುತ್ತಾರೆಯೇ ಎಂದು ಕೇಳಿಕೊಳ್ಳಿ. ಅಗ್ಗದ ಪ್ಲಾನ್‌ಗಳು ಸಾಮಾನ್ಯವಾಗಿ ಮನೆಯಿಂದ ಕಾಲು ಮೈಲಿ ಆಚೆಗಷ್ಟೇ, ಬ್ಯಾಟರಿ ಸಾಯುವುದು ಮನೆ ಮುಂದೆ.

ಬೇಸಿಗೆಯಲ್ಲಿ ಅಪ್ಪ ಬಂದು "ನಾನೂ ಒಂದ್ಸಲ ಹೊಡಿತೀನಿ" ಅಂದರೆ ಅವರ ಭಾರತದ ಲೈಸೆನ್ಸ್ ನಡೆಯುತ್ತದೆ, ಅಲ್ಲಿಯೂ ರಸ್ತೆಯ ಎಡಕ್ಕೇ ಓಡಿಸುವುದು. ಆದರೆ ಕೀ ಕೊಡುವ ಮೊದಲು ಇನ್ಶೂರೆನ್ಸಿಗೆ ಅವರ ಹೆಸರು ಸೇರಿಸಿ. ಕೆಲವೇ ದಿನಗಳಿಗೂ ಸೇರಿಸಲು ಬರುತ್ತದೆ.