ಎಲ್‌ಬಿ ತೀರ್ಪಿಗೆ ಬೈಯುವ ಮೊದಲು

ಮೊದಲು ಟಿವಿ ಸೌಂಡ್ ಕಮ್ಮಿ ಮಾಡಿ. ಇಲ್ಲದಿದ್ದರೆ ತೀರ್ಪು ಕೊಡುವುದು ಕಾಮೆಂಟರಿಯವರ ಬಾಯಿ, ನಿಮ್ಮ ಕಣ್ಣಲ್ಲ. ಭಾನುವಾರ ಮೈಸೂರಿನ ಲೆದರ್ ಬಾಲ್ ಮ್ಯಾಚ್‌ಗಳಿಗೆ ಅಂಪೈರ್ ಆಗಿ ನಿಲ್ಲುವ ನಾನು ಎಲ್‌ಬಿ (ವಿಕೆಟ್‌ಗೆ ತಾಗಬೇಕಿದ್ದ ಬಾಲನ್ನು ಬ್ಯಾಟ್ಸ್‌ಮನ್ ಮೈಯಿಂದ ತಡೆದರೆ ಕೊಡುವ ಔಟ್) ನೋಡುವ ಕ್ರಮ ಹೀಗಿದೆ. (ಟೆನಿಸ್ ಬಾಲ್‌ನವರಿಗೆ ಈ ತಲೆನೋವೇ ಇಲ್ಲ, ಅಲ್ಲಿ ಎಲ್‌ಬಿ ಕೊಡುವುದಿಲ್ಲ.)

ಬಾಲ್ ಎಲ್ಲಿ ಬಿತ್ತು? ಲೆಗ್ ಸ್ಟಂಪಿನ (ಬ್ಯಾಟ್ಸ್‌ಮನ್ ಕಾಲಿನ ಬದಿಯ ಸ್ಟಂಪ್) ಆಚೆ ಬಿದ್ದಿದ್ದರೆ ಅಲ್ಲಿಗೇ ಮುಗಿಯಿತು, ನಾಟೌಟ್. 2019ರ ಹೆಡಿಂಗ್ಲೆ ಟೆಸ್ಟ್‌ನಲ್ಲಿ ಆಸ್ಟ್ರೇಲಿಯಾ ತನ್ನ ಕೊನೆಯ ರಿವ್ಯೂ (ತೀರ್ಪನ್ನು ಟಿವಿಯಲ್ಲಿ ಮತ್ತೆ ನೋಡಿ ಅಂತ ಕೇಳುವ ಅವಕಾಶ) ಕಳೆದುಕೊಂಡದ್ದು ಇಂಥ ಬಾಲಿಗೇ. ಮರು ಓವರಿನಲ್ಲಿ ಆಸ್ಟ್ರೇಲಿಯಾದ ಲಯನ್ ಬಾಲ್ ಇಂಗ್ಲೆಂಡಿನ ಸ್ಟೋಕ್ಸ್ ಪ್ಯಾಡಿಗೆ ಬಡಿಯಿತು. ಅಂಪೈರ್ ಜೋಯಲ್ ವಿಲ್ಸನ್ ನಾಟೌಟ್ ಅಂದರು. ಇಂಗ್ಲೆಂಡಿಗೆ ಬೇಕಿದ್ದದ್ದು 2 ರನ್, ಉಳಿದಿದ್ದದ್ದು ಒಂದೇ ವಿಕೆಟ್. ರಿಪ್ಲೇಯಲ್ಲಿ ಔಟ್! ಜನ ಬೈದದ್ದು ವಿಲ್ಸನ್‌ಗೆ. ಆ ರಿವ್ಯೂ ಹಾಳು ಮಾಡಿದವರಿಗೂ ಸ್ವಲ್ಪ ಬೈಯಬಹುದಿತ್ತು, ಅಲ್ವಾ?

ಆಮೇಲೆ, ಎಲ್ಲಿ ಬಡಿಯಿತು? ಆಫ್ ಸ್ಟಂಪಿನ (ಲೆಗ್ ಸ್ಟಂಪಿಗೆ ಎದುರು ಬದಿಯದು) ಆಚೆ ಬಡಿದಿದ್ದು, ಬ್ಯಾಟ್ಸ್‌ಮನ್ ಆಡಲು ಹೋಗಿದ್ದರೆ ಬಚಾವ್. ಸುಮ್ನೆ ಬ್ಯಾಟ್ ಎತ್ತಿ ಬಿಟ್ಟಿದ್ದರೆ ಆ ರಕ್ಷಣೆ ಇಲ್ಲ. ಕಾಲಿಗೇ ಬಡಿಯಬೇಕು ಅಂತೇನೂ ಇಲ್ಲ. 1999ರಲ್ಲಿ ಅಡಿಲೇಡ್‌ನಲ್ಲಿ ಆಸ್ಟ್ರೇಲಿಯಾದ ಮೆಕ್‌ಗ್ರಾ ಬಾಲಿಗೆ ಬಗ್ಗಿದ ಸಚಿನ್ ಭುಜಕ್ಕೆ ಏಟು ಬಿತ್ತು, ಅಂಪೈರ್ ಡ್ಯಾರಿಲ್ ಹಾರ್ಪರ್ ಔಟ್ ಅಂತ ಬೆರಳೆತ್ತಿದರು. 'ಭುಜಕ್ಕೆ ಬಡಿದರೆ ಎಂಥ ಎಲ್‌ಬಿ' ಅನ್ನುವುದು ವಾದವೇ ಅಲ್ಲ. ಬಾಲ್ ಬೇಲ್ಸ್ (ಸ್ಟಂಪಿನ ಮೇಲಿನ ಕಡ್ಡಿಗಳು) ಮೇಲೆ ಹೋಗುತ್ತಿತ್ತೇ ಅನ್ನುವುದಷ್ಟೇ ಪ್ರಶ್ನೆ. ಹೋಗುತ್ತಿತ್ತು ಅಂತ ನನ್ನ ಲೆಕ್ಕ.

ಕೊನೆಗೆ ಮುಂಗಾಲು ನೋಡಿ. ಸ್ಟಂಪಿನಿಂದ ಬ್ಯಾಟಿಂಗ್ ಕ್ರೀಸ್ 4 ಅಡಿ. ಅದನ್ನು ದಾಟಿ ಕಾಲು ಮುಂದೆ ಬಂದಷ್ಟೂ ಬಾಲ್ ವಿಕೆಟ್‌ಗೆ ತಾಗುತ್ತಿತ್ತೇ ಅನ್ನುವ ಅನುಮಾನ ಜಾಸ್ತಿ. 2011ರ ವಿಶ್ವಕಪ್‌ನ ಭಾರತ-ಇಂಗ್ಲೆಂಡ್ ಮ್ಯಾಚ್, ನಮ್ಮ ಚಿನ್ನಸ್ವಾಮಿ ಮೈದಾನ. ಯುವರಾಜ್ ಬಾಲ್ ಇಯಾನ್ ಬೆಲ್ ಪ್ಯಾಡಿಗೆ ಬಡಿಯಿತು, ಅಂಪೈರ್ ಬಿಲ್ಲಿ ಬೌಡನ್ ನಾಟೌಟ್ ಕೊಟ್ಟರು. ಧೋನಿ ರಿವ್ಯೂ ಕೇಳಿದರು. ಬಾಲ್ ವಿಕೆಟ್‌ಗೆ ಹೋಗುವುದನ್ನು ಪರದೆಯಲ್ಲಿ ನೋಡಿ ಬೆಲ್ ಪೆವಿಲಿಯನ್ ಕಡೆ ಹೊರಟೇಬಿಟ್ಟಿದ್ದರು. ಆದರೆ ಬಡಿದ ಜಾಗ ಸ್ಟಂಪಿನಿಂದ 2.5 ಮೀಟರಿಗಿಂತ ದೂರವಿತ್ತು. ಅಷ್ಟು ದೂರಕ್ಕೆ ಬಾಲ್ ಮುಂದೆ ಎಲ್ಲಿಗೆ ಹೋಗುತ್ತಿತ್ತು ಅನ್ನುವ ಯಂತ್ರದ ಅಂದಾಜನ್ನು ಪೂರ್ತಿ ನಂಬಬಾರದು ಅಂತ ಆಗಿನ ನಿಯಮ. ಬೌಡನ್ ತೀರ್ಪೇ ಉಳಿಯಿತು. ಮ್ಯಾಚ್ 338ಕ್ಕೆ ಟೈ ಆಯಿತು.

'ಅಂಪೈರ್ಸ್ ಕಾಲ್' ಕೂಡ ಇದೇ ಜಾತಿ. ರಿವ್ಯೂನಲ್ಲಿ ಬಾಲಿನ ಅರ್ಧಕ್ಕಿಂತ ಕಮ್ಮಿ ಭಾಗ ವಿಕೆಟ್‌ಗೆ ತಾಗುವಂತಿದ್ದರೆ ಮೈದಾನದ ತೀರ್ಪು ಬದಲಾಗುವುದಿಲ್ಲ. ಇದನ್ನು ತೆಗೆಯಿರಿ ಅನ್ನುವವರು ಬಹಳ ಜನ. ನಾನಂತೂ ಇರಲಿ ಅನ್ನುತ್ತೇನೆ.