ಕೋಕೋಪೀಟ್‌ನಲ್ಲಿ ದಪ್ಪ ಮೆಣಸಿನಕಾಯಿ: ಗೊಬ್ಬರ ಆರಿಸಿಕೊಂಡ ನನ್ನ ಅನುಭವ

ನಮ್ಮ ಪಾಲಿಹೌಸ್ ನೋಡಲು ಬರುವ ರೈತರು ಮೊದಲು ಕೇಳುವ ಪ್ರಶ್ನೆ ಒಂದೇ: "ಯಾವ ಕಂಪನಿಯ ಗೊಬ್ಬರ ಕೊಡುತ್ತೀರಿ ಅಣ್ಣ?" ನಾನು ತಿರುಗಿ, "ನಿಮ್ಮ ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸಿದ್ದೀರಾ?" ಎಂದು ಕೇಳಿದರೆ ಹೆಚ್ಚಿನವರ ಉತ್ಸಾಹ ಅಲ್ಲೇ ತಣ್ಣಗಾಗುತ್ತದೆ. ಗೊಬ್ಬರದ ಹೆಸರು ಹೇಳುವುದಕ್ಕೆ ನನಗೇನೂ ಬಿಗುಮಾನವಿಲ್ಲ. ಆದರೆ ಕೋಕೋಪೀಟ್, ಅಂದರೆ ತೆಂಗಿನ ಸಿಪ್ಪೆಯ ಪುಡಿ, ಏನನ್ನು ಹಿಡಿದಿಟ್ಟುಕೊಳ್ಳುತ್ತದೆ, ನೀರು ಏನನ್ನು ಹೊತ್ತು ತರುತ್ತದೆ ಎಂಬ ಎರಡು ಲೆಕ್ಕ ಮುಗಿಯದೆ ಗೊಬ್ಬರದ ಮಾತು ಎತ್ತುವುದು ವ್ಯರ್ಥ.

ನಮ್ಮದು ಹಾಸನದಿಂದ ಅರಸೀಕೆರೆಗೆ ಹೋಗುವ ದಾರಿಯಲ್ಲಿ, ದುದ್ದದ ಕಡೆ. ಪಾಲಿಹೌಸ್‌ನ ಮಣ್ಣಿನಲ್ಲಿ ದಪ್ಪ ಮೆಣಸಿನಕಾಯಿಯನ್ನೇ ಮತ್ತೆ ಮತ್ತೆ ಬೆಳೆದರೆ ಬೇರುಗಂಟು ಜಂತುಹುಳುವೂ ಸೊರಗು ರೋಗವೂ ಬೇರು ಬಿಡುತ್ತವೆ. ನಮ್ಮಲ್ಲೂ ಹಾಗೇ ಆಯಿತು. ಮಣ್ಣು ಬಿಟ್ಟು ಕೋಕೋಪೀಟ್ ತುಂಬಿದ ಚೀಲಕ್ಕೆ ಬರಲು ಅದೇ ಕಾರಣ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ತೆಂಗಿಗೆ ಬರವಿಲ್ಲ, ನಾರಿನ ಕಾರ್ಖಾನೆಗಳಿಗೂ ಬರವಿಲ್ಲ. ಕೋಕೋಪೀಟ್ ಅನ್ನು ಒತ್ತಿ ಮಾಡಿದ ಐದು ಕಿಲೋದ ಇಟ್ಟಿಗೆಯನ್ನು ನೆನೆಸಿದರೆ 65ರಿಂದ 75 ಲೀಟರಿನಷ್ಟು ಉಬ್ಬಿಕೊಳ್ಳುತ್ತದೆ.

ಕೋಕೋಪೀಟ್‌ನಲ್ಲಿ ಪೋಷಕಾಂಶ ಕೊಡುವುದು ಹೇಗೆ ಎಂದು ಇಂಟರ್‌ನೆಟ್‌ನಲ್ಲಿ ಹುಡುಕಿದವರಿಗೆ ಒಂದು ವಿಚಿತ್ರ ಗೊತ್ತಿರುತ್ತದೆ. ಸಿಗುವ ಬರಹಗಳಲ್ಲಿ ಬಹುಪಾಲು ವಿದೇಶದ ಗಾಂಜಾ ಬೆಳೆಗಾರರದು. ಕೆನಡಾದಂಥ ದೇಶದಲ್ಲಿ 2018ರಿಂದ ಅದು ಕಾನೂನುಬದ್ಧ. ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆಯಡಿ ಪರವಾನಗಿ ಇಲ್ಲದೆ ಒಂದು ಗಿಡ ಬೆಳೆಸಿದರೂ ಅಪರಾಧ. ಅವರ ಬೆಳೆ ನಮಗೆ ಬೇಡ. ಆದರೆ ಅವರು ಪದೇ ಪದೇ ಹೇಳುವ ಒಂದು ಮಾತು ಯಾವ ಬೆಳೆಗಾದರೂ ಒಪ್ಪುತ್ತದೆ: ಕೋಕೋಪೀಟ್‌ನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಕಡಿಮೆ ಬೀಳುತ್ತವೆ. ಅದಕ್ಕೆಂದೇ ಅಲ್ಲಿ ಬಣ್ಣದ ಚಿತ್ರ ಅಂಟಿಸಿದ ಪುಟ್ಟ ಬಾಟಲಿಗಳು ದುಬಾರಿ ಬೆಲೆಗೆ ಮಾರಾಟವಾಗುತ್ತವೆ. ಚಿತ್ರದ ಹಿಂಬದಿಯ ಸಣ್ಣ ಅಕ್ಷರ ಓದಿದರೆ ಸಾಮಾನ್ಯವಾಗಿ ಸಿಗುವುದು ಕ್ಯಾಲ್ಸಿಯಂ ನೈಟ್ರೇಟ್, ಒಂದಿಷ್ಟು ಮೆಗ್ನೀಷಿಯಂ ಲವಣ, ಉಳಿದದ್ದು ನೀರು. ಕ್ಯಾಲ್ಸಿಯಂ ನೈಟ್ರೇಟ್ 25 ಕಿಲೋ ಚೀಲದಲ್ಲಿ ನಮ್ಮ ಗೊಬ್ಬರದಂಗಡಿಯಲ್ಲೇ ಸಿಗುತ್ತದೆ.

ಕೊರತೆ ಏಕೆ ಬೀಳುತ್ತದೆ? ತೆಂಗಿನ ಸಿಪ್ಪೆಯಲ್ಲಿ ಪೊಟ್ಯಾಷ್ ಹೇರಳ, ಜೊತೆಗೆ ಸೋಡಿಯಂ, ಕ್ಲೋರೈಡ್. ಕರಾವಳಿಯ ಉಪ್ಪುನೀರಿನಲ್ಲಿ ನೆನೆಸಿದ ಸಿಪ್ಪೆಯಾದರೆ ಸೋಡಿಯಂ ಇನ್ನೂ ಜಾಸ್ತಿ. ಪುಡಿಯ ಕಣದ ಮೈಯಲ್ಲಿ ಋಣ ವಿದ್ಯುದಂಶವಿರುವ ಜಾಗಗಳಿವೆ; ಅಲ್ಲಿ ಪೊಟ್ಯಾಷಿಯಂ, ಸೋಡಿಯಂ ಅಂಟಿಕೊಂಡು ಕೂತಿರುತ್ತವೆ. ನಾವು ಕ್ಯಾಲ್ಸಿಯಂ ಇರುವ ನೀರು ಬಿಟ್ಟ ಕೂಡಲೇ ಕಣವು ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು ಪೊಟ್ಯಾಷಿಯಂ, ಸೋಡಿಯಂಗಳನ್ನು ಹೊರಗೆ ಬಿಡುತ್ತದೆ. ಗಿಡಕ್ಕೆಂದು ಕೊಟ್ಟ ಕ್ಯಾಲ್ಸಿಯಂ ಬೇರಿಗೆ ತಲುಪುವ ಮೊದಲೇ ಅರ್ಧದಾರಿಯಲ್ಲಿ ಖರ್ಚಾಗುತ್ತದೆ. ಬರಿ ನೀರಿನಲ್ಲಿ ಎಷ್ಟು ತೊಳೆದರೂ ಸಡಿಲವಾಗಿರುವ ಉಪ್ಪು ಹೋಗುತ್ತದೆಯೇ ಹೊರತು ಕಣಕ್ಕೆ ಅಂಟಿಕೊಂಡದ್ದು ಕದಲುವುದಿಲ್ಲ. ಇಟ್ಟಿಗೆಯ ಮೇಲೆ "ತೊಳೆದದ್ದು" ಎಂದು ಅಚ್ಚಾಗಿದ್ದರೆ ಕೆಲಸ ಅರ್ಧ ಮುಗಿದಿದೆ ಎಂದಷ್ಟೇ ಅರ್ಥ.

ಆದ್ದರಿಂದ ನಾನು ಮೊದಲ ಗೊಬ್ಬರ ಕೊಡುವುದು ಗಿಡಕ್ಕಲ್ಲ, ಕೋಕೋಪೀಟ್‌ಗೆ. ಇಟ್ಟಿಗೆ ಉಬ್ಬಿದ ಮೇಲೆ ಒಮ್ಮೆ ಸಾದಾ ನೀರಿನಲ್ಲಿ ತೊಳೆದು, ಐದು ಕಿಲೋಗೆ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ಹಗಲು ಒಂದು ರಾತ್ರಿ ನೆನೆಯಲು ಬಿಡುತ್ತೇನೆ. ಆ ನೀರು ಬಸಿದು ಬರುವಾಗ ಕಡು ಕಾಫಿ ಬಣ್ಣ. ಮತ್ತೆ ಸಾದಾ ನೀರು ಹಾಯಿಸಿ, ಬಸಿದ ನೀರಿನ ಇಸಿ (ಕರಗಿದ ಉಪ್ಪು ಎಷ್ಟಿದೆ ಎಂದು ವಿದ್ಯುತ್ ಹರಿವಿನಿಂದ ತಿಳಿಸುವ ಅಳತೆ) ಬಿಟ್ಟ ನೀರಿನ ಇಸಿಯ ಹತ್ತಿರಕ್ಕೆ ಇಳಿದ ಮೇಲೆ ಚೀಲಕ್ಕೆ ತುಂಬಿಸುವುದು. ಇಸಿ ಮೀಟರ್, ಹುಳಿ-ಕ್ಷಾರ ಅಳೆಯುವ ಪಿಎಚ್ ಮೀಟರ್ ಇಲ್ಲದೆ ಈ ಬೇಸಾಯಕ್ಕೆ ಕೈ ಹಾಕಬಾರದು. ಔಷಧಿಗೆ ಖರ್ಚು ಮಾಡುವ ದುಡ್ಡಿನಲ್ಲಿ ಎರಡೂ ಬರುತ್ತವೆ.

ಇನ್ನು ನೀರು. ನಮ್ಮ ಬೋರ್‌ವೆಲ್ ನೀರಿನ ಇಸಿ 0.7, ಲೀಟರಿಗೆ ಕ್ಯಾಲ್ಸಿಯಂ 60 ಮಿಲಿಗ್ರಾಂ, ಮೆಗ್ನೀಷಿಯಂ 25, ಬೈಕಾರ್ಬನೇಟ್ 240. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ನೀರಿನ ಪರೀಕ್ಷೆ ಮಾಡಿಕೊಡುತ್ತಾರೆ. ಪಿಎಚ್ ಮತ್ತು ಇಸಿ ಮಾತ್ರ ಬರೆದ ಚೀಟಿ ಪಡೆದು ಬರಬೇಡಿ, ಬೈಕಾರ್ಬನೇಟ್ ಬೇಕೆಂದು ಕೇಳಿ. ಪಿಎಚ್ ಏರುತ್ತಲೇ ಇರುವಂತೆ ಮಾಡುವುದು ಅದೇ. ಕೋಕೋಪೀಟ್‌ಗೆ ಬಿಡುವ ದ್ರಾವಣದ ಪಿಎಚ್ 5.8ರಿಂದ 6.2ರ ನಡುವೆ ಇದ್ದರೆ ಸುಖ.

ಪಿಎಚ್ ಇಳಿಸಲು ಹಲವರು ಫಾಸ್ಪರಿಕ್ ಆಮ್ಲ ಬಳಸುತ್ತಾರೆ. ನೀರು ಮೃದುವಾಗಿದ್ದರೆ ಸರಿ. ನಮ್ಮ ನೀರಿಗೆ ಅದೊಂದನ್ನೇ ಸುರಿದರೆ ರಂಜಕವೇ 90 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ದಾಟುತ್ತದೆ, ಗಿಡಕ್ಕೆ ಬೇಕಾದದ್ದರ ಎರಡು ಪಾಲು. ಅದಕ್ಕೇ ನಾನು ನೈಟ್ರಿಕ್ ಆಮ್ಲ ಬಳಸುತ್ತೇನೆ. ಬೈಕಾರ್ಬನೇಟ್‌ನ ಮುಕ್ಕಾಲು ಪಾಲನ್ನು ತೆಗೆಯುವಷ್ಟು ಆಮ್ಲ ಹಾಕಿದರೆ ಸುಮಾರು 42 ಪಿಪಿಎಂ ಸಾರಜನಕವೂ ಅದರ ಜೊತೆ ಬರುತ್ತದೆ. ಅದನ್ನು ಗೊಬ್ಬರದ ಲೆಕ್ಕಕ್ಕೆ ಸೇರಿಸಲೇಬೇಕು. ಕೈಗವಸು, ಕನ್ನಡಕ ಇಲ್ಲದೆ ಆ ಕ್ಯಾನಿನ ಮುಚ್ಚಳ ತೆಗೆಯುವುದಿಲ್ಲ. ನೀರಿಗೆ ಆಮ್ಲ ಹಾಕುವುದು, ಆಮ್ಲಕ್ಕೆ ನೀರು ಎಂದೂ ಇಲ್ಲ.

ಈಗ ಅಂಗಡಿಗೆ ಬರೋಣ. "ಸ್ವಾಮಿ, ನೈಂಟೀನ್ ಆಲ್ ಇರುವಾಗ ಬೇರೆ ಯಾಕೆ? ಎಲ್ಲವೂ ಅದರಲ್ಲೇ ಇದೆ" ಎನ್ನುತ್ತಾರೆ ಅಂಗಡಿಯವರು. ಎಲ್ಲವೂ ಇಲ್ಲ. 19:19:19 ಎಂದರೆ ಸಾರಜನಕ, ರಂಜಕ, ಪೊಟ್ಯಾಷ್ ತಲಾ 19 ಪ್ರತಿಶತ; ಅದರಲ್ಲಿ ಕ್ಯಾಲ್ಸಿಯಂ ಇಲ್ಲ, ಮೆಗ್ನೀಷಿಯಂ ಇಲ್ಲ. ರಂಜಕ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು. ಅದರ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ಯೂರಿಯಾ ರೂಪದಲ್ಲಿರುತ್ತದೆ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಯೂರಿಯಾವನ್ನು ಅಮೋನಿಯಂ ಮಾಡಿ, ಆಮೇಲೆ ನೈಟ್ರೇಟ್ ಮಾಡಿ ಗಿಡಕ್ಕೆ ಒಪ್ಪಿಸುತ್ತವೆ. ಹೊಸ ಕೋಕೋಪೀಟ್‌ನಲ್ಲಿ ಅಷ್ಟು ಜೀವಿಗಳು ಎಲ್ಲಿಂದ ಬರಬೇಕು? ಇನ್ನೊಂದು ಸೂಕ್ಷ್ಮವಿದೆ. ಯೂರಿಯಾಕ್ಕೆ ವಿದ್ಯುದಂಶವಿಲ್ಲದ ಕಾರಣ ಇಸಿ ಮೀಟರಿಗೆ ಅದು ಕಾಣಿಸುವುದೇ ಇಲ್ಲ. ಮೀಟರ್ 1.5 ತೋರಿಸುತ್ತಿರುವಾಗ ಒಳಗೆ ಎಷ್ಟಿದೆ ಎಂದು ಹೇಳಲಾಗದು. ನೈಂಟೀನ್ ಆಲ್ ಕೆಟ್ಟ ಗೊಬ್ಬರವೆಂದು ನಾನು ಹೇಳುತ್ತಿಲ್ಲ, ನಮ್ಮ ತೆಂಗಿನ ಸಾಲಿನ ನಡುವಿನ ತರಕಾರಿಗೆ ಇವತ್ತಿಗೂ ಅದನ್ನೇ ಕೊಡುತ್ತೇನೆ. ಕೆಂಪು ಪೊಟ್ಯಾಷ್, ಅಂದರೆ ಪೊಟ್ಯಾಷಿಯಂ ಕ್ಲೋರೈಡ್, ಮಾತ್ರ ಪಾಲಿಹೌಸ್ ಬಾಗಿಲು ದಾಟಬಾರದು. ಕ್ಲೋರೈಡ್ ಈಗಾಗಲೇ ಇರುವ ಕಡೆ ಇನ್ನಷ್ಟು ಕ್ಲೋರೈಡ್ ಏಕೆ?

ನಾನು ಆರಿಸಿಕೊಂಡದ್ದು ನಾಲ್ಕು ಬಿಡಿ ಲವಣ. ಮೂಲ ಲೆಕ್ಕ ಮಳೆನೀರಿನದು, ಏಕೆಂದರೆ ಅದರಲ್ಲಿ ಏನೂ ಇಲ್ಲ. ಸಾವಿರ ಲೀಟರ್ ಮಳೆನೀರಿಗೆ ಕ್ಯಾಲ್ಸಿಯಂ ನೈಟ್ರೇಟ್ 800 ಗ್ರಾಂ, ಪೊಟ್ಯಾಷಿಯಂ ನೈಟ್ರೇಟ್ ಅಂದರೆ 13:0:45 400 ಗ್ರಾಂ, ಮೊನೊ ಪೊಟ್ಯಾಷಿಯಂ ಫಾಸ್ಫೇಟ್ ಅಂದರೆ 0:52:34 200 ಗ್ರಾಂ, ಮೆಗ್ನೀಷಿಯಂ ಸಲ್ಫೇಟ್ 400 ಗ್ರಾಂ. ಇದರಿಂದ ಗಿಡಕ್ಕೆ ಸಿಗುವುದು ಸಾರಜನಕ ಸುಮಾರು 175 ಪಿಪಿಎಂ, ರಂಜಕ 45, ಪೊಟ್ಯಾಷಿಯಂ 205, ಕ್ಯಾಲ್ಸಿಯಂ 150, ಮೆಗ್ನೀಷಿಯಂ 38. ಚೀಲದ ಮೇಲಿನ ಅಂಕಿಗಳಲ್ಲಿ ರಂಜಕ ಮತ್ತು ಪೊಟ್ಯಾಷ್ ಆಕ್ಸೈಡ್ ಲೆಕ್ಕದಲ್ಲಿರುತ್ತವೆ ಎಂಬುದನ್ನು ಮರೆಯಬಾರದು, ರಂಜಕವನ್ನು 0.44ರಿಂದ, ಪೊಟ್ಯಾಷನ್ನು 0.83ರಿಂದ ಗುಣಿಸಿದರೆ ನಿಜವಾದ ಪ್ರಮಾಣ ಸಿಗುತ್ತದೆ.

ಬೇಸಿಗೆಯಲ್ಲಿ ಬೋರ್‌ವೆಲ್ ನೀರಿಗೆ ಬಂದಾಗ ಇದೇ ಲೆಕ್ಕವನ್ನು ಕಳೆಯುತ್ತಾ ಬರುತ್ತೇನೆ. ನೀರೇ 60 ಪಿಪಿಎಂ ಕ್ಯಾಲ್ಸಿಯಂ ತರುವುದರಿಂದ ಕ್ಯಾಲ್ಸಿಯಂ ನೈಟ್ರೇಟ್ 480 ಗ್ರಾಂ ಸಾಕು. ಹಾಗೆ ಕಡಿತವಾದ ಸಾರಜನಕವನ್ನು ನೈಟ್ರಿಕ್ ಆಮ್ಲ ತುಂಬಿಕೊಡುತ್ತದೆ. ಮೆಗ್ನೀಷಿಯಂ ಸಲ್ಫೇಟ್ 135 ಗ್ರಾಂಗೆ ಇಳಿಯುತ್ತದೆ. ಒಂದೇ ಪಾಲಿಹೌಸ್, ಒಂದೇ ಬೆಳೆ, ಆದರೆ ಜುಲೈನ ಚೀಟಿಯನ್ನು ಮಾರ್ಚ್‌ನಲ್ಲಿ ಬಳಸಿದರೆ ಕೆಟ್ಟೆವು. ಪಕ್ಕದ ಊರಿನವರ ಚೀಟಿ ಹೇಗೆ ಹೊಂದೀತು? ಸಕಲೇಶಪುರದ ತೊರೆಯ ನೀರಿಗೂ ಅರಸೀಕೆರೆಯ ಬೋರ್‌ವೆಲ್‌ಗೂ ಅಜಗಜಾಂತರ.

ಈ ಲವಣಗಳ ಗಟ್ಟಿ ದ್ರಾವಣ ಮಾಡಿಡಲು ಎರಡು ಡ್ರಮ್ ಏಕೆ ಬೇಕೆಂದು ನಮ್ಮಲ್ಲಿ ಕೆಲಸಕ್ಕಿರುವ ಹುಡುಗ ಕೇಳಿದ. ಬಾಯಲ್ಲಿ ಹೇಳುವ ಬದಲು ಗಾಜಿನ ಲೋಟದಲ್ಲಿ ತೋರಿಸಿದೆ. ಒಂದರಲ್ಲಿ ಕ್ಯಾಲ್ಸಿಯಂ ನೈಟ್ರೇಟ್‌ನ ಗಟ್ಟಿ ದ್ರಾವಣ, ಇನ್ನೊಂದರಲ್ಲಿ ಮೆಗ್ನೀಷಿಯಂ ಸಲ್ಫೇಟ್. ಎರಡೂ ತಿಳಿನೀರಿನಂತೆ ಕಾಣುತ್ತವೆ. ಒಂದನ್ನು ಇನ್ನೊಂದಕ್ಕೆ ಸುರಿದು ಕಲಕಿದರೆ ನೋಡನೋಡುತ್ತಿದ್ದಂತೆ ಹಾಲಿನ ಬಣ್ಣ ತಿರುಗುತ್ತದೆ, ಸ್ವಲ್ಪ ಹೊತ್ತಿಗೆ ತಳದಲ್ಲಿ ಬಿಳಿ ಗಷ್ಟು. ಅದು ಜಿಪ್ಸಂ. ಫಾಸ್ಫೇಟ್ ಜೊತೆಗೂ ಹೀಗೇ. ಡ್ರಿಪ್ಪರ್‌ನ ಬಾಯಿ ಕಟ್ಟುವುದು ಒಂದು ನಷ್ಟ, ಗಿಡಕ್ಕೆ ಸೇರಬೇಕಾದ ಕ್ಯಾಲ್ಸಿಯಂ ಡ್ರಮ್ಮಿನ ತಳ ಸೇರುವುದು ಇನ್ನೊಂದು. ಹಾಗಾಗಿ 'ಎ' ಡ್ರಮ್ಮಿನಲ್ಲಿ ಕ್ಯಾಲ್ಸಿಯಂ ನೈಟ್ರೇಟ್, ಪೊಟ್ಯಾಷಿಯಂ ನೈಟ್ರೇಟ್, ಕಬ್ಬಿಣ. 'ಬಿ'ಯಲ್ಲಿ ಫಾಸ್ಫೇಟ್, ಸಲ್ಫೇಟ್, ಉಳಿದ ಲಘು ಪೋಷಕಾಂಶಗಳು. ಎರಡೂ ಒಂದಕ್ಕೆ ನೂರರಂತೆ ನೀರಿನಲ್ಲಿ ತೆಳುವಾದ ಮೇಲೆ ಸೇರಿದರೆ ತೊಂದರೆಯಿಲ್ಲ. ಪೊಟ್ಯಾಷಿಯಂ ನೈಟ್ರೇಟ್ ಕರಗುವಾಗ ಬಕೆಟ್ ಕೈ ಸೋಕಿದರೆ ಜುಮ್ಮೆನ್ನುವಷ್ಟು ತಣ್ಣಗಾಗುತ್ತದೆ, ಹೊರಮೈಯಲ್ಲಿ ಬೆವರು ಮೂಡುತ್ತದೆ. ತಣ್ಣಗಾದಷ್ಟೂ ಕರಗುವುದು ನಿಧಾನ. ಚಳಿಗಾಲದ ಬೆಳಿಗ್ಗೆ ಸ್ವಲ್ಪ ಉಗುರುಬೆಚ್ಚಗಿನ ನೀರು ಬೇಕೇ ಬೇಕು.

ಕಬ್ಬಿಣದ ಬಗ್ಗೆ ಎರಡೇ ಮಾತು. ಕಬ್ಬಿಣ ಕರಗಿದ ಸ್ಥಿತಿಯಲ್ಲೇ ಉಳಿಯಲೆಂದು ಅದನ್ನು ಇಡಿಟಿಎ, ಡಿಟಿಪಿಎಯಂಥ ರಾಸಾಯನಿಕದ ಜೊತೆ ಬಂಧಿಸಿ ಮಾರುತ್ತಾರೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಇಡಿಟಿಎ ಕಬ್ಬಿಣ ಪಿಎಚ್ 6.5ರ ಆಚೆ ನಿಲ್ಲುವುದಿಲ್ಲ. ಡಿಟಿಪಿಎ 7ರವರೆಗೂ ತಾಳಿಕೊಳ್ಳುತ್ತದೆ. ಚೀಲದೊಳಗಿನ ಪಿಎಚ್ ನಾವು ಬಿಟ್ಟದ್ದಕ್ಕಿಂತ ಏರುವುದರಿಂದ ನಾನು ಡಿಟಿಪಿಎಗೆ ಹೆಚ್ಚು ಕಾಸು ಕೊಡುತ್ತೇನೆ.

ಸಸಿ ನೆಟ್ಟಾಗ ಇಸಿ 1.0ರಿಂದ 1.2, ಕಾಯಿ ಕಚ್ಚಿದ ಮೇಲೆ 2.0ರ ಆಸುಪಾಸು. ಕಾಯಿ ದಪ್ಪವಾಗಲೆಂದು ಪೊಟ್ಯಾಷ್ ಏರಿಸುವ ಚಾಳಿ ನಮ್ಮ ಕಡೆ ಜೋರಾಗಿದೆ. ಬೇರಿನ ಬಾಯಿಯಲ್ಲಿ ಪೊಟ್ಯಾಷಿಯಂ ಮತ್ತು ಕ್ಯಾಲ್ಸಿಯಂ ಒಂದಕ್ಕೊಂದು ಪೈಪೋಟಿ. ಒಂದನ್ನು ಏರಿಸಿದರೆ ಇನ್ನೊಂದು ಹಿಂದೆ ಸರಿಯುತ್ತದೆ. ಪರಿಣಾಮ ಕಾಯಿಯ ತುದಿಯಲ್ಲಿ ಕಾಣುತ್ತದೆ. ಮೊದಲು ನೀರು ತುಂಬಿದಂತೆ ಮಸುಕು ಮಚ್ಚೆ, ಆಮೇಲೆ ಕಂದು, ಕೊನೆಗೆ ಒಣಗಿದ ಚರ್ಮದಂತೆ ಚಪ್ಪಟೆ. ವ್ಯಾಪಾರಿ ಅಂಥ ಕಾಯಿಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ರೋಗವೆಂದು ಶಿಲೀಂಧ್ರನಾಶಕ ಹೊಡೆಯುವವರನ್ನು ಕಂಡಿದ್ದೇನೆ. ಅದು ಕ್ಯಾಲ್ಸಿಯಂ ಕೊರತೆ.

ಜಡಿಮಳೆಯ ತಿಂಗಳುಗಳಲ್ಲಿ ದ್ರಾವಣದಲ್ಲಿ ಕ್ಯಾಲ್ಸಿಯಂ ಸರಿಯಾಗಿದ್ದರೂ ಈ ಮಚ್ಚೆ ಬರುತ್ತದೆ. ಕ್ಯಾಲ್ಸಿಯಂ ಗಿಡದೊಳಗೆ ನೀರಿನ ಜೊತೆಗೇ ಮೇಲೇರುವಂಥದ್ದು. ಗಾಳಿಯಲ್ಲಿ ತೇವ ಕಟ್ಟಿಕೊಂಡಾಗ ಎಲೆಯಿಂದ ನೀರು ಆವಿಯಾಗುವುದಿಲ್ಲ, ನೀರಿನ ಓಟ ನಿಲ್ಲುತ್ತದೆ, ಕ್ಯಾಲ್ಸಿಯಂ ಕೂಡ ನಿಲ್ಲುತ್ತದೆ. ಆಗ ಗೊಬ್ಬರ ಏರಿಸಿ ಪ್ರಯೋಜನವಿಲ್ಲ. ಮಳೆ ಬಿಟ್ಟ ಹೊತ್ತು ಪಕ್ಕದ ಪರದೆ ಎತ್ತಿ ಗಾಳಿಯಾಡಿಸುತ್ತೇನೆ, ಕೆಳಗಿನ ಎಲೆ ತೆಗೆಸುತ್ತೇನೆ, ಇಸಿಯನ್ನು 1.8ಕ್ಕೆ ಇಳಿಸುತ್ತೇನೆ.

ಗೊಬ್ಬರ ಸರಿಹೊಂದಿದೆಯೇ ಎಂದು ಹೇಳುವುದು ಎಲೆಗಿಂತ ಮೊದಲು ಬಸಿಯುವ ನೀರು. ಪ್ರತಿ ಸಾಲಿನಲ್ಲಿ ಒಂದು ಚೀಲದ ಕೆಳಗೆ ತಟ್ಟೆ ಇಟ್ಟಿದ್ದೇನೆ. ಬಿಟ್ಟದ್ದರಲ್ಲಿ 15ರಿಂದ 20 ಪ್ರತಿಶತ ಬಸಿದು ಬರಬೇಕು. ಬಿಟ್ಟ ನೀರಿನ ಇಸಿ 2.1 ಇದ್ದು ಬಸಿದದ್ದು 2.6 ಇದ್ದರೆ ಗಿಡ ನೆಮ್ಮದಿಯಾಗಿದೆ. 3 ದಾಟಿದರೆ ಚೀಲದಲ್ಲಿ ಉಪ್ಪು ಕೂಡಿಕೊಳ್ಳುತ್ತಿದೆ. ಆಗ ಬರಿ ನೀರು ಬಿಡದೆ ಇಸಿ 1ರ ತೆಳು ದ್ರಾವಣವನ್ನೇ ಹೆಚ್ಚು ಸಲ ಬಿಡುತ್ತೇನೆ. ಬಸಿದ ನೀರಿನ ಇಸಿ ಬಿಟ್ಟದ್ದಕ್ಕಿಂತ ಕಡಿಮೆ ಬಂದರೆ ಗಿಡ ಹಸಿದಿದೆ. ದಿನಕ್ಕೆ ಒಮ್ಮೆ ಹೊಟ್ಟೆ ತುಂಬ ನೀರು ಕೊಡುವ ಮಣ್ಣಿನ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಬಿಸಿಲಿನ ದಿನ ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಬಿಡುವುದೇ ಸರಿ, ಕೋಕೋಪೀಟ್ ಒಣಗಿದಷ್ಟೂ ಉಪ್ಪು ಗಟ್ಟಿಯಾಗುತ್ತದೆ.

ತಾರಸಿಯಲ್ಲಿ ಹತ್ತು ಹನ್ನೆರಡು ಚೀಲ ಇಡುವವರಿಗೆ ಇಷ್ಟೆಲ್ಲ ತೂಕ, ಲೆಕ್ಕ ಬೇಡ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕೋಕೋಪೀಟ್‌ನಲ್ಲಿ ತರಕಾರಿ ಬೆಳೆಯುವವರಿಗೆಂದೇ ಅರ್ಕಾ ಸಸ್ಯ ಪೋಷಕ ರಸ ಎಂಬ ದ್ರವ ಪೋಷಕಾಂಶ ರೂಪಿಸಿದ್ದಾರೆ, ಅದೂ ಎ ಮತ್ತು ಬಿ ಎಂಬ ಎರಡು ಭಾಗದಲ್ಲಿ. ಜೀವಾಮೃತ ಕೊಡಬಹುದೇ ಎಂದು ಕೇಳುವವರೂ ಇದ್ದಾರೆ. ಮಣ್ಣಿಗೆ ಕೊಡಿ, ಇಲ್ಲಿ ಬೇಡ; ಎಷ್ಟು ಸೋಸಿದರೂ ಡ್ರಿಪ್ಪರ್ ಕಟ್ಟುತ್ತದೆ, ಅದರಲ್ಲಿ ಏನೆಷ್ಟಿದೆ ಎಂದು ಮೀಟರಿಗೆ ತಿಳಿಯದು.

ಕ್ಯಾಲ್ಸಿಯಂ ನೈಟ್ರೇಟ್ ಚೀಲ ಬಿಚ್ಚಿದ ಮೇಲೆ ಬಿಗಿ ಮುಚ್ಚಳದ ಡ್ರಮ್ಮಿಗೆ ಸುರಿದುಬಿಡಿ. ನಮ್ಮ ಮಳೆಗಾಲದ ಗಾಳಿಗೆ ಬಾಯಿ ತೆರೆದ ಚೀಲ ನೀರೆಳೆದುಕೊಂಡು ಮುದ್ದೆಯಾಗುತ್ತದೆ. ಹಾಗಾದ ಮೇಲೆ ತೂಗಿದ 800 ಗ್ರಾಂನಲ್ಲಿ ಗೊಬ್ಬರವೆಷ್ಟು, ನೀರೆಷ್ಟು ಎಂಬುದು ತಕ್ಕಡಿಗೆ ಗೊತ್ತಾಗುವುದಿಲ್ಲ. ಎರಡನೇ ಬೆಳೆಗೆ ಅದೇ ಕೋಕೋಪೀಟ್ ಬಳಸುವಾಗ ಹಳೆ ಬೇರು ತೆಗೆದು ತೊಳೆದರೆ ಸಾಕು, ಕಣಗಳಲ್ಲಿ ಕ್ಯಾಲ್ಸಿಯಂ ಈಗಾಗಲೇ ಕೂತಿರುವುದರಿಂದ ಮತ್ತೆ ನೆನೆಹಾಕುವ ಅಗತ್ಯ ನನಗೆ ಕಂಡಿಲ್ಲ. ಸೊರಗು ರೋಗ ಬಂದ ಚೀಲವಾದರೆ ಮಾತ್ರ ಮರುಬಳಕೆ ಬೇಡ. ಬಸಿದ ನೀರನ್ನು ಕಾಲುವೆಯಲ್ಲಿ ಕೂಡಿಸಿ ತೆಂಗಿನ ಬುಡಕ್ಕೆ ಹರಿಸುತ್ತೇವೆ, ಆ ಮರಗಳಿಗೆ ಬೇರೆ ಪೊಟ್ಯಾಷ್ ಕೊಡುವುದನ್ನು ಕಡಿಮೆ ಮಾಡಿದ್ದೇನೆ.