ಬಿಲ್ಲಿನ ಲಿಂಬ್ ಮೇಲೆ ಬರೆದ ಪೌಂಡೇ ಬೇರೆ, ಬೆರಳಿಗೆ ಬೀಳುವ ಪೌಂಡೇ ಬೇರೆ

ತುಮಕೂರಿನಲ್ಲಿ ಹೊಸದಾಗಿ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ) ಬಿಲ್ಲು ಜೋಡಿಸುತ್ತಿರುವವರು ಗಮನಿಸಿ. ಲಿಂಬ್ (ಬಿಲ್ಲಿನ ಬಾಗುವ ತೋಳು) ಮೇಲಿನ 32 ಪೌಂಡ್ ಎಳೆತದ ಬಲ ಅನ್ನೋದು ಸಾಮಾನ್ಯವಾಗಿ 25 ಇಂಚಿನ ನಡುಭಾಗಕ್ಕೆ, ಅಂದರೆ ರೈಸರ್‌ಗೆ ಹಾಕಿ 28 ಇಂಚು ಎಳೆದಾಗಿನ ಲೆಕ್ಕ. ನಿಮ್ಮ ಎಳೆತ 26 ಇಂಚಾದರೆ, ಇಂಚಿಗೆ ಸುಮಾರು 2 ಪೌಂಡ್ ಕಳೆದು, ಸಿಗುವುದು 28 ಪೌಂಡ್ ಮಾತ್ರ. ಅದೇ ಲಿಂಬ್ 23 ಇಂಚಿನ ರೈಸರ್‌ಗೆ ಕೂರಿಸಿದರೆ ಸುಮಾರು 2 ಪೌಂಡ್ ಏರುತ್ತದೆ.

ಲಿಂಬ್ ಬುಡ ಹಿಡಿದಿಡುವ ಟಿಲ್ಲರ್ ಬೋಲ್ಟ್ ಒಳಕ್ಕೆ ತಿರುಗಿಸಿದರೆ ಬಿಗಿ ಹೆಚ್ಚು. ಹೆದೆ ಇಳಿಸಿಯೇ ತಿರುಗಿಸಿ, ಮೇಲೂ ಕೆಳಗೂ ಒಂದೇ ಸಮ. ಕಂಪನಿ ಹೇಳಿದ ಸುತ್ತು ಮೀರಿ ಸಡಿಲಿಸಿದರೆ ಎಳೆಯುವಾಗಲೇ ಬೋಲ್ಟ್ ಕಿತ್ತು ಬರಬಹುದು, ದಯವಿಟ್ಟು ಬೇಡ.

ಮಂಡಿಪೇಟೆಯಿಂದ ಒಂದು ಕೊಕ್ಕೆ ತಕ್ಕಡಿ ತಂದು, ಹೆದೆಗೆ ಸಿಕ್ಕಿಸಿ, ಪೂರ್ಣ ಎಳೆತದವರೆಗೆ ಎಳೆದು ನೋಡಿ. ಆಮೇಲೆ ಮೆಲ್ಲಗೆ ಇಳಿಸಿ, ಬಾಣವಿಲ್ಲದೆ ಹೆದೆ ಬಿಡಬಾರದು. 13 ಕೆಜಿ ಅಂದರೆ ಸುಮಾರು 29 ಪೌಂಡ್. ಬಾಣದ ಸ್ಪೈನ್ (ಗಡುಸುತನ) ಆರಿಸಬೇಕಾದ್ದು ಈ ಸಂಖ್ಯೆಗೆ. ಎಳೆತ ಕಡಿಮೆಯಿದ್ದರೆ, ಲಿಂಬ್ ಸಂಖ್ಯೆ ನಂಬಿ ತಂದ ಬಾಣ ಗಡುಸಾಗಿ, ಬಲಗೈಯವರಿಗೆ ಎಡಕ್ಕೆ ಹೋಗುತ್ತದೆ.